ನಾಲಿಗೆ ದೂರು ಹೇಳುತ್ತದೆ, ಹಲ್ಲು ಹೇಳುವುದಿಲ್ಲ

ತುಮಕೂರು ರಸ್ತೆಯ ದಾಸರಹಳ್ಳಿ, ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಸುತ್ತಮುತ್ತ ಸಂಜೆ ನಾಲ್ಕರ ಹೊತ್ತಿಗೆ ಶಾಲೆಗಳು ಬಿಡುತ್ತವೆ. ಪೀಣ್ಯದ ಕಾರ್ಖಾನೆಗಳ ಮೊದಲ ಪಾಳಿಯ ಕೆಲಸಗಾರರು ಮನೆಗೆ ಮರಳುವ ಸಮಯವೂ ಹೆಚ್ಚುಕಡಿಮೆ ಅದೇ. ಶಾಲೆಯ ಗೇಟಿನ ಎದುರಿನ ಗೂಡಂಗಡಿಯಲ್ಲಿ ಬಣ್ಣಬಣ್ಣದ ಪೊಟ್ಟಣಗಳ ಸರಗಳು ತೂಗಾಡುತ್ತಿರುತ್ತವೆ. ಹಿಂದೆ ಅಲ್ಲಿ ಗಾಜಿನ ಭರಣಿಯಲ್ಲಿ ನಿಂಬೆಹುಳಿ ಪೆಪ್ಪರಮಿಂಟು, ಕಡ್ಡಿಗೆ ಮೆತ್ತಿದ ಹುಣಸೆ ಚಿಗಳಿ ಇರುತ್ತಿದ್ದವು. ಈಗ ಅವುಗಳ ಜೊತೆಗೆ ನಾಲಿಗೆಯ ಮೇಲಿಟ್ಟರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿಯಾದ ಮಿಠಾಯಿಗಳು ಬಂದಿವೆ. ಅದನ್ನು ಬಾಯಲ್ಲಿಟ್ಟುಕೊಂಡು ಮುಖ ಕಿವುಚದೆ ನಿಲ್ಲಬೇಕು. ಮೊದಲು ಕಣ್ಣು ಮುಚ್ಚಿದವನು ಸೋತಂತೆ. ಇದು ಮಕ್ಕಳ ಪಂದ್ಯ.

ಇಂಥ ಪಂದ್ಯದಲ್ಲಿ ಗೆದ್ದ ಆರನೇ ತರಗತಿಯ ಹುಡುಗನೊಬ್ಬ ರಾತ್ರಿ ಊಟಕ್ಕೆ ಕುಳಿತಿದ್ದಾನೆ ಎಂದುಕೊಳ್ಳೋಣ. ಸಾರನ್ನದ ಮೊದಲ ತುತ್ತಿಗೇ "ಅಮ್ಮಾ, ನಾಲಿಗೆ ಉರೀತಿದೆ" ಎಂದು ತಟ್ಟೆ ಸರಿಸುತ್ತಾನೆ. ಅಪ್ಪ ಪೀಣ್ಯದ ಒಂದು ಲೋಹಲೇಪನದ ಘಟಕದಲ್ಲಿ ಕೆಲಸಗಾರ. "ಎಲ್ಲಿ, ನಾಲಿಗೆ ಚಾಚು ಮಗ" ಎಂದು ದೀಪದ ಕೆಳಗೆ ನೋಡುತ್ತಾನೆ. ನಾಲಿಗೆಯ ತುದಿ ಬೆಳ್ಳಗಾಗಿದೆ. ಒಂದೆಡೆ ಸಿಪ್ಪೆ ಎದ್ದು ಕೆಂಪಗಾಗಿದೆ. "ಎಷ್ಟು ತಿಂದೆ?" "ಐದೇ ಐದು ಅಪ್ಪ." ಅಮ್ಮ ತುಪ್ಪ ಸವರುತ್ತಾಳೆ. ಮೂರು ನಾಲ್ಕು ದಿನಗಳಲ್ಲಿ ನಾಲಿಗೆ ಮೊದಲಿನಂತಾಗುತ್ತದೆ. ಎಲ್ಲರೂ ಮರೆಯುತ್ತಾರೆ.

ನಾಲಿಗೆಯ ಮಟ್ಟಿಗೆ ಮರೆತರೆ ತಪ್ಪಿಲ್ಲ. ಆದರೆ ಅದೇ ಐದು ಮಿಠಾಯಿಗಳು ಅದೇ ಬಾಯಿಯಲ್ಲಿ ಇನ್ನೊಂದು ಕೆಲಸವನ್ನೂ ಮಾಡಿವೆ. ಅದು ನೋಯಲಿಲ್ಲ, ಉರಿಯಲಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅದನ್ನು ತಿಳಿಯಲು ಹುಳಿ ಎಂದರೇನು ಎಂಬಲ್ಲಿಂದ ಆರಂಭಿಸಬೇಕು.

ಹುಳಿಯ ಅಳತೆ

ಹುಳಿಯಾದ ವಸ್ತುಗಳಲ್ಲೆಲ್ಲ ಆಮ್ಲವಿರುತ್ತದೆ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಸೇಬಿನಲ್ಲಿ ಮ್ಯಾಲಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ನೀರಿನಲ್ಲಿ ಕರಗಿದಾಗ ಇವೆಲ್ಲವೂ ಜಲಜನಕದ ಅಯಾನುಗಳನ್ನು ಬಿಟ್ಟುಕೊಡುತ್ತವೆ. ನಾಲಿಗೆಗೆ ಹುಳಿ ಎನಿಸುವುದು ಮುಖ್ಯವಾಗಿ ಈ ಅಯಾನುಗಳಿಂದಲೇ.

ಇವು ಎಷ್ಟಿವೆ ಎಂದು ಹೇಳುವ ಅಳತೆಗೋಲೇ ಪಿ.ಎಚ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್ ಸೋರೆನ್ಸೆನ್ ಎಂಬ ರಸಾಯನ ವಿಜ್ಞಾನಿ 1909ರಲ್ಲಿ ಇದನ್ನು ಜಾರಿಗೆ ತಂದರು. ಶುದ್ಧ ನೀರಿನ ಪಿ.ಎಚ್. 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಈ ಅಳತೆಯಲ್ಲಿ ಒಂದು ಗುಟ್ಟಿದೆ: ಒಂದೊಂದು ಮೆಟ್ಟಿಲು ಇಳಿದಾಗಲೂ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಪಿ.ಎಚ್. 5 ಇರುವ ದ್ರವಕ್ಕಿಂತ 4 ಇರುವುದು ಹತ್ತು ಪಟ್ಟು, 3 ಇರುವುದು ನೂರು ಪಟ್ಟು ಹೆಚ್ಚು ಆಮ್ಲೀಯ. ಮೊಸರಿನ ಪಿ.ಎಚ್. ಸುಮಾರು 4ರಿಂದ 4.5. ನಿಂಬೆರಸದ್ದು 2ರಿಂದ 2.6. ಅತಿ ಹುಳಿ ಮಿಠಾಯಿ ಬಾಯಿಯ ನೀರಿನಲ್ಲಿ ಕರಗಿದಾಗ ನಿಂಬೆರಸದ ಹತ್ತಿರಕ್ಕೇ ಬರುತ್ತದೆ.

ಮಿಠಾಯಿಗೆ ಈ ಹುಳಿ ಬರುವುದು ಹಣ್ಣಿನಿಂದಲ್ಲ. ನಿಂಬೆರಸದಿಂದ ಸಿಟ್ರಿಕ್ ಆಮ್ಲವನ್ನು ಹರಳಾಗಿ ಮೊದಲು ಬೇರ್ಪಡಿಸಿದ್ದು ಸ್ವೀಡನ್ನಿನ ಕಾರ್ಲ್ ಶೀಲೆ, 1784ರಲ್ಲಿ. ಮರುವರ್ಷ ಸೇಬಿನಿಂದ ಮ್ಯಾಲಿಕ್ ಆಮ್ಲವನ್ನೂ ಅವರೇ ತೆಗೆದರು. ಇಂದು ಕಾರ್ಖಾನೆಗಳಲ್ಲಿ ಸಿಟ್ರಿಕ್ ಆಮ್ಲ ತಯಾರಾಗುವುದು ಹೆಚ್ಚಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನಿಂದ. ಸಕ್ಕರೆ ಪಾಕವನ್ನು ತಿಂದು ಅದು ಆಮ್ಲವನ್ನು ಹೊರಹಾಕುತ್ತದೆ. ಮನೆಯಲ್ಲಿ ಪನೀರು ಮಾಡಲು ಬಳಸುವ ನಿಂಬೆ ಉಪ್ಪು ಎಂಬ ಬಿಳಿ ಹರಳು ಕೂಡ ಇದೇ.

ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಈ ಆಮ್ಲಗಳ ಗುರುತು ಸಂಖ್ಯೆಗಳಿರುತ್ತವೆ. 330 ಎಂದರೆ ಸಿಟ್ರಿಕ್ ಆಮ್ಲ, 296 ಮ್ಯಾಲಿಕ್, 334 ಟಾರ್ಟಾರಿಕ್, 270 ಲ್ಯಾಕ್ಟಿಕ್. ಮಕ್ಕಳು ಇದನ್ನು ಓದಿ ಗುರುತಿಸುವುದನ್ನು ಒಂದು ಆಟವನ್ನಾಗಿ ಮಾಡಿಕೊಳ್ಳಬಹುದು. ಸಂಖ್ಯೆ ಕಂಡ ಮಾತ್ರಕ್ಕೆ ಅದು ವಿಷವೆಂದಲ್ಲ. ಇವೆಲ್ಲ ಆಹಾರದಲ್ಲಿ ಅನುಮತಿ ಇರುವ ಪದಾರ್ಥಗಳೇ. ಪ್ರಶ್ನೆ ಇರುವುದು ಎಷ್ಟು, ಎಷ್ಟು ಹೊತ್ತು ಎಂಬುದರಲ್ಲಿ.

ನಾಲಿಗೆಗೆ ತಿಳಿಯುವುದು ಹೇಗೆ?

ನಾಲಿಗೆಯ ತುದಿಯಲ್ಲಿ ಸಿಹಿ, ಅಂಚಿನಲ್ಲಿ ಹುಳಿ, ಹಿಂಭಾಗದಲ್ಲಿ ಕಹಿ ಎಂದು ತೋರಿಸುವ ಚಿತ್ರವೊಂದು ಬಹಳ ವರ್ಷ ಪಠ್ಯಪುಸ್ತಕಗಳಲ್ಲಿತ್ತು. ಹೆತ್ತವರಲ್ಲಿ ಅನೇಕರು ಅದನ್ನು ಬರೆದೇ ಅಂಕ ಪಡೆದವರು. 1901ರಲ್ಲಿ ಜರ್ಮನಿಯ ವಿಜ್ಞಾನಿ ಹೇನಿಗ್ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿದ್ದ ಅಲ್ಪ ವ್ಯತ್ಯಾಸಗಳನ್ನು ನಂತರದವರು ಹಿಗ್ಗಿಸಿ ಅರ್ಥಮಾಡಿಕೊಂಡದ್ದರಿಂದ ಆ ಭೂಪಟ ಹುಟ್ಟಿತು. ಅದು ಸರಿಯಲ್ಲ. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ಮೂಲ ರುಚಿಗಳನ್ನೂ ಗ್ರಹಿಸುತ್ತವೆ.

ಪ್ರತಿ ರುಚಿಮೊಗ್ಗಿನಲ್ಲಿ ಹಲವು ಬಗೆಯ ಕೋಶಗಳಿವೆ. ಅವುಗಳಲ್ಲಿ ಒಂದು ಬಗೆಗೆ ಹುಳಿಯನ್ನು ಕಂಡುಹಿಡಿಯುವ ಕೆಲಸ. ಈ ಕೋಶಗಳ ಹೊರಪೊರೆಯಲ್ಲಿ ಜಲಜನಕದ ಅಯಾನನ್ನು ಮಾತ್ರ ಒಳಬಿಡುವ ಸಣ್ಣ ಬಾಗಿಲುಗಳಿವೆ. ಅವುಗಳ ಹೆಸರು ಓಟಾಪ್-1. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಎಮಿಲಿ ಲೀಮನ್ ಅವರ ತಂಡ ಇದು ಅಂಥ ಬಾಗಿಲು ಎಂದು 2018ರಲ್ಲಿ ತೋರಿಸಿತು. ಇದಿಲ್ಲದ ಇಲಿಗಳ ರುಚಿಕೋಶಗಳು ಹುಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂಬುದು 2019ರಲ್ಲಿ ಖಚಿತವಾಯಿತು. ವಿಚಿತ್ರವೆಂದರೆ ಈ ಜೀನು ಮೊದಲು ಪತ್ತೆಯಾಗಿದ್ದು ನಾಲಿಗೆಯಲ್ಲಲ್ಲ, ಕಿವಿಯಲ್ಲಿ. ದೇಹದ ಸಮತೋಲ ಕಾಯುವ ಒಳಗಿವಿಯ ಸಣ್ಣ ಹರಳುಗಳು ಬೆಳೆಯಲು ಇದು ಬೇಕು. ಮನುಷ್ಯ ಸಾವಿರಾರು ವರ್ಷಗಳಿಂದ ಚಪ್ಪರಿಸುತ್ತ ಬಂದ ಹುಳಿಯ ಬಾಗಿಲು ಪತ್ತೆಯಾಗಲು 21ನೇ ಶತಮಾನವೇ ಬರಬೇಕಾಯಿತು.

ಹುಳಿ ತಾಕಿದ ಕೂಡಲೇ ಮಿದುಳು ಲಾಲಾಗ್ರಂಥಿಗಳಿಗೆ ಆಜ್ಞೆ ನೀಡುತ್ತದೆ. ಬಾಯಲ್ಲಿ ನೀರೂರುತ್ತದೆ. ಅನುಭವಸ್ಥರಿಗೆ ಹುಣಸೆಹಣ್ಣಿನ ಹೆಸರು ಕೇಳಿದರೂ ಸಾಕು. ಇದು ಬರೀ ಚಪಲವಲ್ಲ, ರಕ್ಷಣೆ. ಜೊಲ್ಲಿನಲ್ಲಿ ಬೈಕಾರ್ಬನೇಟ್ ಇದೆ. ಅಡುಗೆ ಸೋಡಾದಲ್ಲಿರುವುದೂ ಅದೇ. ಅದು ಆಮ್ಲವನ್ನು ತಟಸ್ಥಗೊಳಿಸುತ್ತದೆ. ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಯುತ್ತದೆ. ಆದರೆ ನಿದ್ದೆಯಲ್ಲಿ ಈ ಹರಿವು ಬಹುತೇಕ ನಿಂತುಹೋಗುತ್ತದೆ. ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಹೆತ್ತವರಿಗೆ ಸಹಿಸಲಾಗದ ಹುಳಿ ಮಕ್ಕಳಿಗೆ ಹಿಡಿಸುವುದೇಕೆ? ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಿಗೂ ಅವರ ತಾಯಂದಿರಿಗೂ ಬೇರೆ ಬೇರೆ ಪ್ರಮಾಣದ ಸಿಟ್ರಿಕ್ ಆಮ್ಲ ಬೆರೆಸಿದ ಜೆಲ್ಲಿ ಕೊಟ್ಟು ನೋಡಿದರು. ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಕ್ಕಳು ಎಲ್ಲಕ್ಕಿಂತ ಹುಳಿಯಾದುದನ್ನೇ ಮೆಚ್ಚಿದರು. ತಾಯಂದಿರಲ್ಲಿ ಹಾಗೆ ಮೆಚ್ಚಿದವರು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ "ಇದನ್ನು ಯಾರಾದರೂ ತಿಂತಾರೇನೋ" ಎಂದು ಬೈದರೆ ಮಗುವಿಗೆ ಅರ್ಥವೇ ಆಗದಿರಬಹುದು. ಅದಕ್ಕೆ ಅದು ನಿಜವಾಗಿಯೂ ರುಚಿಯೇ.

ಸಿಪ್ಪೆ ಎದ್ದ ನಾಲಿಗೆ

ಮಿತಿ ಮೀರಿದಾಗ ರುಚಿ ನೋವಾಗುತ್ತದೆ. ಬಾಯಿಯ ತುಂಬ ನೋವು ತಿಳಿಸುವ ನರಗಳ ತುದಿಗಳಿವೆ. ಮೆಣಸಿನಕಾಯಿಯ ಖಾರವನ್ನೂ ಬಿಸಿ ಕಾಫಿಯ ಸುಡುವಿಕೆಯನ್ನೂ ಗುರುತಿಸುವ ಗ್ರಾಹಿಯೇ ಗಾಢ ಆಮ್ಲಕ್ಕೂ ಎಚ್ಚರಗೊಳ್ಳುತ್ತದೆ. ಈ ಗ್ರಾಹಿಯನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಹಂಚಿಕೆಯಾಯಿತು. ಮಾವಿನಕಾಯಿ ಹೋಳಿಗೆ ಉಪ್ಪು-ಖಾರ ಹಚ್ಚಿ ತಿಂದಾಗ ಬಾಯಿ ಎರಡು ಪಟ್ಟು ಚುರುಗುಟ್ಟುವುದಕ್ಕೆ ಇದೂ ಒಂದು ಕಾರಣ.

ಅತಿ ಹುಳಿ ಮಿಠಾಯಿಯ ಮೈಗೆ ಆಮ್ಲದ ಪುಡಿಯನ್ನೇ ಸವರಿರುತ್ತಾರೆ. ಹಾಗಾಗಿ ಮೊದಲ ಒಂದು ನಿಮಿಷದ ಹುಳಿಯೇ ಅತಿ ತೀಕ್ಷ್ಣ. ಗಾಢ ಆಮ್ಲ ನಾಲಿಗೆಯ ಹೊರಪದರದ ಪ್ರೋಟೀನುಗಳನ್ನು ಕೆಡಿಸುತ್ತದೆ. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆಯುತ್ತದಲ್ಲ, ಹಾಗೆ. ಪುಡಿಯ ಹರಳುಗಳು ಮರಳುಕಾಗದದಂತೆ ತರಚುತ್ತವೆ. ಮೇಲಿನ ಪದರ ಸತ್ತು ಬೆಳ್ಳಗಾಗಿ ಸುಲಿದು ಬರುತ್ತದೆ. ನಾಲಿಗೆಯ ಅಡಿ, ಕೆನ್ನೆಯ ಒಳಮೈ ಇನ್ನೂ ತೆಳು. ಮಿಠಾಯಿಯನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡರೆ ಅಲ್ಲಿ ಹುಣ್ಣಾಗುತ್ತದೆ.

ಸಮಾಧಾನದ ಸಂಗತಿ ಎಂದರೆ ಇದೆಲ್ಲ ಮಾಯುತ್ತದೆ. ಬಾಯಿಯ ಒಳಚರ್ಮದ ತಳದಲ್ಲಿ ಹೊಸ ಕೋಶಗಳು ಸದಾ ಹುಟ್ಟುತ್ತಿರುತ್ತವೆ. ರುಚಿಕೋಶಗಳ ಆಯುಷ್ಯವೂ ಹತ್ತು ಹದಿನೈದು ದಿನಗಳಷ್ಟೇ. ಹಳತು ಹೋಗಿ ಹೊಸದು ಬರುತ್ತಲೇ ಇರುತ್ತದೆ. ಸುಲಿದ ನಾಲಿಗೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆ ವರೆಗೆ ಖಾರ, ಬಿಸಿ, ಹುಳಿ ಬಿಟ್ಟು ಮೊಸರನ್ನ ಉಂಡರೆ ಸಾಕು. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ಮಾತ್ರ ವೈದ್ಯರಿಗೆ ತೋರಿಸಬೇಕು.

ಪೀಣ್ಯದ ಆಸಿಡ್ ತೊಟ್ಟಿ

ಈಗ ಆ ಹುಡುಗನ ಅಪ್ಪನ ಕಾರ್ಖಾನೆಗೆ ಹೋಗಿ ಬರೋಣ. ಪೀಣ್ಯದಲ್ಲಿ ಸಾವಿರಾರು ಸಣ್ಣ ಕೈಗಾರಿಕೆಗಳಿವೆ. ಬೋಲ್ಟು, ನಟ್ಟು, ಬ್ರಾಕೆಟ್ಟುಗಳಿಗೆ ಸತು ಅಥವಾ ನಿಕ್ಕಲ್ಲಿನ ಲೇಪನ ಕೊಡುವ ಘಟಕಗಳೂ ಅವುಗಳಲ್ಲಿ ಸೇರಿವೆ. ಲೇಪನಕ್ಕೆ ಮುಂಚೆ ಕಬ್ಬಿಣದ ಮೇಲಿನ ತುಕ್ಕು ಹೋಗಬೇಕು. ಅದಕ್ಕಾಗಿ ಆ ವಸ್ತುಗಳನ್ನು ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಆಮ್ಲ ತುಕ್ಕನ್ನು ಕರಗಿಸುತ್ತದೆ. ಈ ಕೆಲಸಕ್ಕೆ ಅಲ್ಲಿ ಪಿಕ್ಲಿಂಗ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಉಪ್ಪಿನಕಾಯಿ ಹಾಕುವುದಕ್ಕೂ ಅದೇ ಹೆಸರು.

ತೊಟ್ಟಿಯ ಪಕ್ಕದ ಕೆಲಸಗಾರನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಎಷ್ಟು ಗಾಢ ಆಮ್ಲ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ. ಸಮಯಕ್ಕೆ ಸರಿಯಾಗಿ ಎತ್ತಿ ನೀರಿನಲ್ಲಿ ತೊಳೆಯದಿದ್ದರೆ ಆಮ್ಲ ತುಕ್ಕನ್ನು ಮುಗಿಸಿ ಒಳ್ಳೆಯ ಕಬ್ಬಿಣವನ್ನೂ ತಿನ್ನತೊಡಗುತ್ತದೆ. ಕಳೆದುಹೋದ ಕಬ್ಬಿಣ ಮತ್ತೆ ಬರುವುದಿಲ್ಲ.

ಹಲ್ಲಿನ ಕಥೆಯೂ ಇದೇ. ಹಲ್ಲಿನ ಹೊರಪದರವಾದ ಎನಾಮೆಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜ. ಅದರಲ್ಲಿ ಮುಖ್ಯವಾದುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹೈಡ್ರಾಕ್ಸಿ ಅಪಟೈಟ್. ಬಾಯಿಯ ದ್ರವದ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಖನಿಜ ಕರಗಲು ಶುರುವಾಗುತ್ತದೆ. ಮಿಠಾಯಿಯ ಪಿ.ಎಚ್. 2.5 ಎಂದಿಟ್ಟುಕೊಂಡರೆ ಅದು ಈ ಗಡಿಗಿಂತ ಮೂರು ಮೆಟ್ಟಿಲು ಕೆಳಗೆ. ಎಂದರೆ ಸಾವಿರ ಪಟ್ಟು ಹೆಚ್ಚು ಆಮ್ಲೀಯ. ಸಿಟ್ರಿಕ್ ಆಮ್ಲ ಇನ್ನೊಂದು ಬಗೆಯಲ್ಲೂ ಹಲ್ಲಿಗೆ ಕೈಹಾಕುತ್ತದೆ: ಅದು ಕ್ಯಾಲ್ಸಿಯಂ ಅನ್ನು ಹಿಡಿದು ತನ್ನೊಡನೆ ಕಟ್ಟಿಕೊಳ್ಳುತ್ತದೆ.

ಮನೆಯ ಹಿರಿಯರಿಗೆ ಇನ್ನೂ ಸುಲಭವಾಗಿ ತಿಳಿಯುವ ಹೋಲಿಕೆ ಕಲಾಯಿಯದು. ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಕುದಿಸಿದರೆ ಕಿಲುಬು ಹಿಡಿಯುತ್ತದೆ; ಅದಕ್ಕೇ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಹೋದರೆ ಬೀದಿಯಲ್ಲಿ "ಕಲಾಯಿ, ಕಲಾಯಿ" ಎಂದು ಕೂಗಿಕೊಂಡು ಬರುವವರು ಮತ್ತೆ ಹಾಕಿಕೊಡುತ್ತಿದ್ದರು. ಎನಾಮೆಲ್ ಹಲ್ಲಿನ ಕಲಾಯಿ. ಆದರೆ ಅದನ್ನು ತಯಾರಿಸಿದ ಕೋಶಗಳು ಹಲ್ಲು ಒಸಡಿನಿಂದ ಹೊರಬರುವಷ್ಟರಲ್ಲಿ ಇಲ್ಲವಾಗಿರುತ್ತವೆ. ಆಮೇಲೆ ಈ ಕಲಾಯಿಯನ್ನು ದೇಹವೇ ಮತ್ತೆ ಬೆಳೆಸಲಾರದು. ಆಮ್ಲದಿಂದ ಮೆತ್ತಗಾದ ಮೇಲ್ಪದರವನ್ನು ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳು ಸ್ವಲ್ಪಮಟ್ಟಿಗೆ ಮರಳಿ ಗಟ್ಟಿ ಮಾಡಬಲ್ಲವು. ಸವೆದು ಹೋದದ್ದು ಮಾತ್ರ ಹೋದಂತೆಯೇ.

ನಾಲಿಗೆಗೂ ಹಲ್ಲಿಗೂ ವ್ಯತ್ಯಾಸ ಇಲ್ಲಿದೆ. ನಾಲಿಗೆಗೆ ನರಗಳಿವೆ, ಅದು ಕೂಡಲೇ ದೂರು ಹೇಳುತ್ತದೆ. ಅದಕ್ಕೆ ಜೀವಕೋಶಗಳಿವೆ, ಬೇಗ ಮಾಯುತ್ತದೆ. ಎನಾಮೆಲ್‌ನಲ್ಲಿ ಎರಡೂ ಇಲ್ಲ. ಅದು ನೋಯುವುದೂ ಇಲ್ಲ, ಮಾಯುವುದೂ ಇಲ್ಲ. ತಣ್ಣೀರು ಕುಡಿದಾಗ ಹಲ್ಲು ಜುಮ್ಮೆನ್ನುವ ದಿನ ಬಂದರೆ, ಕಲಾಯಿ ಬಹಳಷ್ಟು ಹೋಗಿ ಒಳಗಿನ ದಂತದ್ರವ್ಯ ತೆರೆದುಕೊಂಡಿರಬಹುದು ಎಂದರ್ಥ.

ಆಮ್ಲದ ಆವಿಯ ನಡುವೆ ವರ್ಷಗಟ್ಟಲೆ ದುಡಿದವರ ಮುಂಭಾಗದ ಹಲ್ಲುಗಳು ಸವೆಯುವುದನ್ನು ಹಲವು ದೇಶಗಳ ವೈದ್ಯರು ದಾಖಲಿಸಿದ್ದಾರೆ. ಬ್ಯಾಟರಿ ತಯಾರಿಕೆ, ಲೋಹಲೇಪನದ ಕೆಲಸಗಾರರು ಅಂಥವರಲ್ಲಿ ಪ್ರಮುಖರು. ಮುಖಕ್ಕೆ ಕವಚ ಕಟ್ಟಿಕೊಳ್ಳಬೇಕು, ಗಾಳಿಯಾಡಬೇಕು ಎಂಬ ನಿಯಮ ಅದಕ್ಕಾಗಿಯೂ ಇದೆ. ಅಪ್ಪ ಕೆಲಸದಲ್ಲಿ ಯಾವುದರಿಂದ ತಪ್ಪಿಸಿಕೊಳ್ಳಲು ಕವಚ ಕಟ್ಟುತ್ತಾನೋ, ಅದರ ಸೌಮ್ಯ ರೂಪವನ್ನು ಮಗ ಕಾಸು ಕೊಟ್ಟು ಬಾಯಲ್ಲಿಟ್ಟುಕೊಳ್ಳುತ್ತಿದ್ದಾನೆ.

ಸಕ್ಕರೆಯ ಮೋಸ

ಇಷ್ಟು ಹುಳಿಯನ್ನು ನುಂಗಲು ಸಾಧ್ಯವಾಗುವುದು ಸಕ್ಕರೆಯಿಂದ. ಸಿಹಿ ಹುಳಿಯ ಅನುಭವವನ್ನು ಮರೆಮಾಚುತ್ತದೆ. ಆದರೆ ಆಮ್ಲವನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ನಾಲಿಗೆ ಮೋಸಹೋಗುತ್ತದೆ, ಹಲ್ಲಿಗೆ ಪೆಟ್ಟು ಅಷ್ಟೇ ಬೀಳುತ್ತದೆ.

ಮೊದಲ ಪೆಟ್ಟಿನ ಹಿಂದೆಯೇ ಎರಡನೆಯದು ಬರುತ್ತದೆ. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ತಾವೇ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಸಕ್ಕರೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿ.ಎಚ್. ಕುಸಿಯುತ್ತದೆ, ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆಯಾದರೂ ಬೇಕು. ಇದನ್ನು 1940ರ ದಶಕದಲ್ಲಿ ಅಳೆದು ರೇಖಾಚಿತ್ರ ಬರೆದವರು ಅಮೆರಿಕದ ರಾಬರ್ಟ್ ಸ್ಟೀಫನ್. ಈಗಲೂ ದಂತವೈದ್ಯ ವಿದ್ಯಾರ್ಥಿಗಳು ಅದನ್ನು ಸ್ಟೀಫನ್ ರೇಖೆ ಎಂದೇ ಓದುತ್ತಾರೆ. ಒಂದು ಮಿಠಾಯಿಗೆ ಒಂದು ಕುಸಿತ. ಐದನ್ನು ಒಟ್ಟಿಗೇ ತಿಂದು ಮುಗಿಸುವುದಕ್ಕಿಂತ ಗಂಟೆಗೊಂದರಂತೆ ತಿಂದರೆ ಹಲ್ಲಿಗೆ ಹೆಚ್ಚು ಹಾನಿ. ಹುಳುಕು ಹುಟ್ಟುವುದು ಹೀಗೆ. ಮಲಗುವ ಮುಂಚೆ ತಿಂದರಂತೂ ತೊಳೆಯಲು ಜೊಲ್ಲೇ ಇರುವುದಿಲ್ಲ.

ಶಾಲಾ ಮಕ್ಕಳ ವಯಸ್ಸೇ ಈ ವಿಷಯದಲ್ಲಿ ನಾಜೂಕಿನದು. ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ತೆಳು, ಹೆಚ್ಚುಕಡಿಮೆ ಅರ್ಧದಷ್ಟು. ಆರನೇ ವರ್ಷಕ್ಕೆ ಮೊದಲ ಶಾಶ್ವತ ದವಡೆಹಲ್ಲು, ಹನ್ನೆರಡರ ಹೊತ್ತಿಗೆ ಎರಡನೆಯದು ಹುಟ್ಟುತ್ತದೆ. ಹೊಸದಾಗಿ ಹುಟ್ಟಿದ ಹಲ್ಲಿನ ಮೇಲ್ಮೈ ಪೂರ್ತಿ ಬಲಿತಿರುವುದಿಲ್ಲ. ಆಮ್ಲಕ್ಕೆ ಬೇಗ ಬಗ್ಗುತ್ತದೆ. ಅರುವತ್ತು ಎಪ್ಪತ್ತು ವರ್ಷ ಬಾಳಬೇಕಾದ ಹಲ್ಲುಗಳು ತಮ್ಮ ಎಳವೆಯಲ್ಲೇ ಪಂದ್ಯದ ಸರಕಾಗುತ್ತವೆ.

ಹುಣಸೆಯ ತಪ್ಪೇ?

ಹಾಗಾದರೆ ಹುಳಿಯನ್ನೇ ಬಿಡಬೇಕೆ? ದೇವನಹಳ್ಳಿ ಹತ್ತಿರದ ನಲ್ಲೂರಿನಲ್ಲಿ 54 ಎಕರೆಯ ಹುಣಸೆ ತೋಪಿದೆ. 2007ರಲ್ಲಿ ಅದನ್ನು ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಪೀಣ್ಯದಿಂದ ಹೊರಡುವ ಹೆದ್ದಾರಿ ತಲುಪುವ ತುಮಕೂರು ಹುಣಸೆ ವ್ಯಾಪಾರಕ್ಕೆ ಹೆಸರಾದ ಊರು. ಹುಳಿಯಿಲ್ಲದೆ ಈ ಸೀಮೆಯ ಅಡುಗೆಯೇ ಇಲ್ಲ. ಹುಣಸೆ ತಿರುಳಿನಲ್ಲಿ ಶೇಕಡಾ 8ರಿಂದ 18ರಷ್ಟು ಟಾರ್ಟಾರಿಕ್ ಆಮ್ಲವಿದ್ದರೂ ತಲೆಮಾರುಗಳು ಸಾರು ಉಂಡು ಗಟ್ಟಿ ಹಲ್ಲಿನಲ್ಲಿ ಚಕ್ಕುಲಿ ಕಡಿದಿವೆ.

ಕಾರಣ ಸ್ಪಷ್ಟ. ಸಾರಿನಲ್ಲಿ ಹುಣಸೆ ನೀರಿನೊಡನೆ ಬೆರೆತು ತೆಳುವಾಗಿರುತ್ತದೆ. ಅನ್ನದೊಡನೆ ಕಲೆತು ಕೆಲವು ನಿಮಿಷಗಳಲ್ಲಿ ಹೊಟ್ಟೆ ಸೇರುತ್ತದೆ. ಅಗಿಯುವಾಗ ಜೊಲ್ಲು ಧಾರಾಳವಾಗಿ ಸುರಿಯುತ್ತದೆ. ಕೊನೆಗೆ ಮೊಸರು ಬರುತ್ತದೆ. ಮೊಸರಿನ ಪಿ.ಎಚ್. 5.5ರ ಗಡಿಗಿಂತ ಕೆಳಗಿದ್ದರೂ ಅದು ಹಲ್ಲನ್ನು ಸವೆಸುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟುಗಳು ಹೇರಳವಾಗಿರುವುದರಿಂದ ಹಲ್ಲಿನಿಂದ ಅವು ಕರಗಿ ಹೊರಬರಲು ಅವಕಾಶವಿರುವುದಿಲ್ಲ.

ಆದರೆ ಹುಣಸೆ ಚಿಗಳಿಯನ್ನೇ ಅರ್ಧ ಗಂಟೆ ಚೀಪುತ್ತ ಕುಳಿತರೆ ಅದಕ್ಕೂ ಮಿಠಾಯಿಗೂ ಹಲ್ಲಿನ ದೃಷ್ಟಿಯಲ್ಲಿ ಭೇದವಿಲ್ಲ. ಮನೆಯಲ್ಲಿ ಕುಟ್ಟಿದ್ದು, ಬೆಲ್ಲ ಹಾಕಿದ್ದು ಎಂಬ ರಿಯಾಯಿತಿಯನ್ನು ರಸಾಯನಶಾಸ್ತ್ರ ಕೊಡುವುದಿಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಗಾಢ, ಎಷ್ಟು ಹೊತ್ತು?

ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಕೆಂಪು ದಾಸವಾಳದ ನಾಲ್ಕೈದು ಹೂಗಳ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಮೂರು ಲೋಟಗಳಿಗೆ ಹಂಚಿ. ಮೂರಕ್ಕೂ ಒಂದೊಂದು ಚಮಚ ನಿಂಬೆರಸ ಹಾಕಿದರೆ ಬಣ್ಣ ಹೊಳೆಯುವ ಗುಲಾಬಿಯಾಗುತ್ತದೆ. ಇದು ಆಮ್ಲದ ಗುರುತು. ಈಗ ಎರಡನೆಯ ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ ಕಲಕಿ. ಬಣ್ಣ ಬದಲಾಗುವುದಿಲ್ಲ. ಆಮ್ಲ ಇದ್ದ ಹಾಗೇ ಇದೆ. ಮೂರನೆಯದಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತ ಹೋಗಿ. ನೊರೆಯೆದ್ದು ಗುಲಾಬಿ ಮಾಸುತ್ತದೆ, ಕೊನೆಗೆ ಹಸಿರು ಛಾಯೆಗೆ ತಿರುಗುತ್ತದೆ. ಜೊಲ್ಲು ಮಾಡಲು ಹೆಣಗುವ ಕೆಲಸ ಇದು.

ಎರಡನೆಯ ಪ್ರಯೋಗಕ್ಕೆ ಒಂದು ಮೊಟ್ಟೆಯ ಚಿಪ್ಪು, ಬಿದ್ದ ಒಂದು ಹಾಲುಹಲ್ಲು ಬೇಕು. ಹಲ್ಲನ್ನು ಮಾಡಿನ ಮೇಲೆ ಎಸೆಯುವ ಬದಲು ತೊಳೆದಿಡಿ. ಎರಡನ್ನೂ ಬೇರೆ ಬೇರೆ ಬಟ್ಟಲಿನ ನಿಂಬೆರಸದಲ್ಲಿ ಮುಳುಗಿಸಿ. ಚಿಪ್ಪಿನಿಂದ ಗುಳ್ಳೆಗಳು ಏಳುತ್ತವೆ, ಏಕೆಂದರೆ ಅದು ಕ್ಯಾಲ್ಸಿಯಂ ಕಾರ್ಬನೇಟ್. ಹಲ್ಲಿನಿಂದ ಕಣ್ಣಿಗೆ ಕಾಣುವಂಥ ಗುಳ್ಳೆಯೂ ಏಳದು. ಏನೂ ಆಗುತ್ತಿಲ್ಲ ಎನಿಸುತ್ತದೆ. ಎರಡು ಮೂರು ದಿನ ಬಿಟ್ಟು ತೊಳೆದು ಒರೆಸಿ ನೋಡಿದರೆ ಹೊಳಪು ಹೋಗಿ ಸೀಮೆಸುಣ್ಣದಂತೆ ಮಂಕಾಗಿರುತ್ತದೆ. ಬಟ್ಟಲಿನಲ್ಲಿ ಜೊಲ್ಲಿನ ರಕ್ಷಣೆ ಇಲ್ಲದ್ದರಿಂದ ಇದು ಬೇಗ ಆಯಿತು. ಬಾಯಿಯಲ್ಲಿ ನಿಧಾನವಾಗಿ ಆಗುತ್ತದೆ.

ಹೆತ್ತವರು ಮಾಡಬಹುದಾದದ್ದು

ಹುಳಿ ಮಿಠಾಯಿಯನ್ನು ಪೂರ್ತಿ ನಿಷೇಧಿಸಿದರೆ ಅದು ಗೇಟಿನ ಹೊರಗೆ ಗುಟ್ಟಾಗಿ ನಡೆಯುತ್ತದೆ. ಬದಲಿಗೆ ಎಂದಾದರೊಮ್ಮೆ ಒಂದು, ಅದೂ ಊಟವಾದ ಕೂಡಲೇ ತಿಂದು ಮುಗಿಸಲಿ. ಆಗ ಜೊಲ್ಲು ಹೆಚ್ಚಾಗಿರುತ್ತದೆ. ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವುದು, ಪಂದ್ಯ ಕಟ್ಟುವುದು, ಮಲಗುವಾಗ ಚೀಪುವುದು ಬೇಡ.

ತಿಂದ ಕೂಡಲೇ ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಬೇಕು. ಆದರೆ ಕೂಡಲೇ ಹಲ್ಲುಜ್ಜಬಾರದು. ಶಿಸ್ತಿನ ತಾಯಂದಿರು ತಪ್ಪುವುದು ಇಲ್ಲಿಯೇ. ಆಮ್ಲದಿಂದ ಮೆತ್ತಗಾದ ಪದರವನ್ನು ಬ್ರಷ್ಷು ಕೆರೆದು ತೆಗೆದುಬಿಡುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಕಾದರೆ ಜೊಲ್ಲು ಅದನ್ನು ಮರಳಿ ಗಟ್ಟಿ ಮಾಡಲು ಶುರುಮಾಡಿರುತ್ತದೆ. ಫ್ಲೋರೈಡ್ ಇರುವ ಪೇಸ್ಟು ಆ ಪದರವನ್ನು ಆಮ್ಲಕ್ಕೆ ಇನ್ನಷ್ಟು ಜಗ್ಗದಂತೆ ಮಾಡುತ್ತದೆ. ಬಟಾಣಿ ಕಾಳಿನಷ್ಟು ಸಾಕು.

ತಿಂಗಳಿಗೊಮ್ಮೆ ಮಗುವಿನ ಬಾಯಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಮುಂದಿನ ಹಲ್ಲಿನ ಅಂಚು ಗಾಜಿನಂತೆ ಪಾರದರ್ಶಕವಾಗಿದೆಯೆ? ಹಲ್ಲು ಹಳದಿ ತಿರುಗುತ್ತಿದೆಯೆ? ದವಡೆಹಲ್ಲಿನ ತುದಿಗಳಲ್ಲಿ ಸಣ್ಣ ಬಟ್ಟಲಿನಂಥ ಕುಳಿಗಳಿವೆಯೆ? ತಣ್ಣೀರಿಗೆ ಜುಮ್ಮೆನ್ನುತ್ತದೆಯೆ? ಹೌದಾದರೆ ದಂತವೈದ್ಯರಲ್ಲಿಗೆ ಹೋಗಬೇಕು. ದುಬಾರಿಯಾಗುತ್ತದೆಂದು ಹಿಂಜರಿಯುವವರಿಗೆ ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಬಳಿ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಮುದುಕರ ಬಗ್ಗೆ ಹುಟ್ಟಿದ್ದು. ಅದು ಮಕ್ಕಳಿಗೆ ಅನ್ವಯವಾಗಬಾರದು. ಹಿಂದಿನ ಮಕ್ಕಳು ಬೆಟ್ಟದ ನೆಲ್ಲಿಕಾಯಿ ತಿಂದ ಕೂಡಲೇ ನಲ್ಲಿಯ ಕಡೆಗೋ ಬಾವಿಯ ಕಡೆಗೋ ಓಡುತ್ತಿದ್ದರು. ನೆಲ್ಲಿಕಾಯಿಯ ಮೇಲೆ ಕುಡಿದ ನೀರು ಸಿಹಿಯಾಗಿರುತ್ತದೆಂಬ ಆಸೆಗೆ. ಆ ಸಿಹಿಯ ನೆಪದಲ್ಲಿ ಅವರ ಹಲ್ಲಿನ ಮೇಲಿನ ಹುಳಿಯೂ ತೊಳೆದುಹೋಗುತ್ತಿತ್ತು. ನಾಳೆ ಗೂಡಂಗಡಿಯ ಮುಂದೆ ಪಂದ್ಯ ಕಟ್ಟುವ ಹುಡುಗನ ಚೀಲದಲ್ಲೂ ನೀರಿನ ಬಾಟಲಿ ಇದ್ದೇ ಇರುತ್ತದೆ. ಅದರ ಮುಚ್ಚಳ ತೆರೆಯುವುದನ್ನು ಅವನಿಗೆ ನೆನಪಿಸಿದರೆ ಸಾಕು.